ಹಾವು ಮೊದಲು ಕೇರಿಗೇ ಯಾಕೆ ಬರುತ್ತೆ?

ಗೆಳೆಯರೇ, ಮಳೆ ಶುರುವಾಯ್ತು. ಈ ವಾರ ನನ್ನ ಫೋನಿಗೆ ನಮ್ಮ ಹುಡುಗರು ಕಳಿಸಿದ ಫೋಟೊಗಳಲ್ಲಿ ಅರ್ಧ ಹಾವಿನವೇ. "ಅಣ್ಣಾ, ಇದ್ಯಾವ ಹಾವು? ಹೊಡೀಬೇಕಾ, ಬಿಡಬೇಕಾ?" ಯೂಟ್ಯೂಬ್ ನೋಡಿ ಮನೆ ಸುತ್ತ ಬೆಳ್ಳುಳ್ಳಿ ನೀರು, ಫಿನಾಯಿಲ್, ಬ್ಲೀಚಿಂಗ್ ಪುಡಿ ಚೆಲ್ಲಿದವರೂ ಇದ್ದಾರೆ. ದುಡ್ಡು ದಂಡ ಅಷ್ಟೆ. ಹಾವು ಬರೋದು ಇಲಿಗೆ, ಕಪ್ಪೆಗೆ, ಅಡಗೋಕೆ ಸಿಗೋ ಸಂದಿಗೆ.

ಈ ಮೂರೂ ಯಾರ ಮನೆ ಪಕ್ಕ ಇವೆ ನೋಡಿ. ನಮ್ಮಲ್ಲಿ ಊರು ದಿಣ್ಣೆ ಮೇಲೆ, ಕೇರಿ ಕೆರೆ ಕೋಡಿ ಕೆಳಗೆ. ಊರ ಚರಂಡಿ ನೀರು ನಮ್ಮ ಹಿತ್ತಲಿಗೇ ಬಂದು ನಿಲ್ಲುತ್ತೆ. ಊರ ತಿಪ್ಪೆಗಳೂ ನಮ್ಮ ಕಡೆಗೇ. ಬೀದಿ ದೀಪ ಮಾತ್ರ ಅಲ್ಲೇ ಮೇಲೆ ಮುಗಿದುಹೋಗುತ್ತೆ. ಇಷ್ಟಾದ ಮೇಲೆ "ಮನೆ ಸುತ್ತ ಸ್ವಚ್ಛವಾಗಿಡಿ, ಸೌದೆಯನ್ನು ಗೋಡೆಯಿಂದ ದೂರ ಇಡಿ" ಅಂತ ಬುದ್ಧಿ ಹೇಳ್ತಾರೆ. ಮಾತು ಸರಿಯೇ. ಆದರೆ 20x30 ಸೈಟಲ್ಲಿ ಸೌದೆ, ಮೇಕೆ, ಕೋಳಿ, ಎಂಟು ಜನ ಮನುಷ್ಯರು ಇರುವಾಗ ದೂರ ಅಂದ್ರೆ ಎಲ್ಲಿಗ್ರೀ?

ನಾನು ಚಿಕ್ಕವನಿದ್ದಾಗ ಊರ ದೊಡ್ಡ ಮನೆಯೊಂದರ ಹುಲ್ಲಿನ ಬಣವೆಗೆ ನಾಗರಹಾವು ಹೊಕ್ಕಿತು. ನಮ್ಮ ಚಿಕ್ಕಪ್ಪನಿಗೆ ಕರೆ ಬಂತು. ಆ ಮನೆಯವರು ಪಂಚಮಿಗೆ ಹುತ್ತಕ್ಕೆ ಹಾಲೆರೆಯೋರು, ತಾವೇ ಹೊಡೆದರೆ ಸರ್ಪದೋಷ. ಚಿಕ್ಕಪ್ಪ ಹೋದ, ಕೊಂದ, ಅವರು ತೋರಿಸಿದ ಕಡೆ ಸುಟ್ಟು ಬಂದ. ಒಂದು ಸೇರು ರಾಗಿ ಕೊಟ್ಟರು, ಅದನ್ನೂ ದೂರದಿಂದ ಸುರಿದು. ದೋಷ ನಮಗೆ ತಟ್ಟಿದರೆ ಪರವಾಗಿಲ್ವಂತೆ!

ಈಗ ದೊಣ್ಣೆ ಹೋಗಿ ಕೋಲು, ಚೀಲ ಬಂದಿದೆ. "ನಿಂಗೆ ಧೈರ್ಯ ಜಾಸ್ತಿ ಕಣ್ಲಾ" ಅಂತ ಉಬ್ಬಿಸಿ ನಮ್ಮ ಹುಡುಗರನ್ನೇ ಮುಂದೆ ಬಿಡ್ತಾರೆ, ರೀಲ್ಸ್ ಬೇರೆ. ತಮ್ಮಂದಿರಾ, ಹೋಗಬೇಡಿ. ಅರಣ್ಯ ಇಲಾಖೆಗೆ ಅವರೇ ಫೋನ್ ಮಾಡಲಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ನಾಗರಹಾವು ಕೊಲ್ಲೋದು ಅಪರಾಧ. ಕೇಸು ಬೀಳೋದು ಕರೆದವರ ಮೇಲಲ್ಲ, ಹೊಡೆದವನ ಮೇಲೆ.

ಕೇರೆಹಾವನ್ನ ಸುಮ್ಮನೆ ಬಿಟ್ಟುಬಿಡಿ. ವಿಷ ಇಲ್ಲ, ಇಲಿ ತಿನ್ನುತ್ತೆ. ನನಗೆ ನಿಜವಾಗಿ ಭಯ ಕಟ್ಟುಹಾವಿನದು, ಕೆಲವು ಕಡೆ ಕಡಂಬಳ ಅಂತಾರಲ್ಲ ಅದು. ರಾತ್ರಿ ನೆಲದ ಮೇಲೆ ಮಲಗಿದವರನ್ನ ಕಚ್ಚುತ್ತೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಕಚ್ಚಿದ್ದೇ ಗೊತ್ತಾಗಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ಕಣ್ಣಿನ ರೆಪ್ಪೆ ಜೋತು ಬೀಳುತ್ತೆ. ಗ್ಯಾಸು ಅಂತ ಸೋಡಾ ಕುಡಿಸ್ತಾ ಕೂತರೆ ಉಸಿರೇ ನಿಲ್ಲುತ್ತೆ. ಮಂಚ ಇಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ ಅಂಚನ್ನ ಚಾಪೆ ಕೆಳಗೆ ಸಿಕ್ಕಿಸಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮಂತ್ರ ಹಾಕೋರ ಮನೆಗೆ ಹೋಗಿ ಹೊತ್ತು ಕಳೀಬೇಡಿ. ಕೈಕಾಲು ಅಲ್ಲಾಡಿಸದ ಹಾಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

2000ದಿಂದ 2019ರವರೆಗೆ ಈ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಸಂಶೋಧಕರ ಅಂದಾಜು. ಬಹುಪಾಲು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಅಧಿಸೂಚಿತ ಕಾಯಿಲೆ ಅಂತ ಘೋಷಿಸಿತು. ಖಾಸಗಿ ಆಸ್ಪತ್ರೆಯೂ ಪ್ರತಿ ಪ್ರಕರಣ ವರದಿ ಮಾಡಲೇಬೇಕು. ಒಳ್ಳೆ ಕೆಲಸ, ಇಲ್ಲ ಅನ್ನಲ್ಲ. ಆದರೆ ಕಚ್ಚಿದ ಮೇಲೆ ಎಣಿಸ್ತೀರಿ, ಕಚ್ಚದ ಹಾಗೆ ಮಾಡೋದು ಯಾವಾಗ?

ಅದಕ್ಕೇ ಈ ಸಲದ ಗ್ರಾಮಸಭೆಗೆ ನಾವು ಅರ್ಜಿ ಬರೆದಿದ್ದೀವಿ. ಕೇರಿಗೆ ಬೀದಿ ದೀಪ, ಚರಂಡಿ, ತಿಪ್ಪೆಗೆ ಬೇರೆ ಜಾಗ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾವಿನ ವಿಷದ ಮದ್ದು. ಎಸ್‌ಸಿಎಸ್‌ಪಿ ಹಣ ಯಾವುದ್ಯಾವುದಕ್ಕೋ ಹೋಗೋದನ್ನ ನೋಡ್ತಾನೇ ಇದ್ದೀವಲ್ಲ, ಇದಕ್ಕೂ ಬರಲಿ. ಅರ್ಜಿಯ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ.

ಜೈ ಭೀಮ್.