ಓಡುವ ನಾಯಿ, ತೆವಳುವ ಬಸವನಹುಳು

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಜೇಡಿಮಣ್ಣಿನಲ್ಲಿ ಒಂದು ಬಸವನಹುಳು ಮಾಡಿ, ಅದನ್ನು ಊಟದ ಮೇಜಿನ ಮೇಲೆ ನಡೆಸುತ್ತೇನೆಂದು ಹೊರಟಳು. ಮೊಬೈಲನ್ನು ಪುಸ್ತಕಗಳಿಗೆ ಒರಗಿಸಿ, ಹುಳುವನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ. ಮತ್ತೆ ಸರಿಸಿ ಇನ್ನೊಂದು. ಇದಕ್ಕೆ ಸ್ಟಾಪ್ ಮೋಷನ್ ಎನ್ನುತ್ತಾರೆ. ಸೆಕೆಂಡಿಗೆ 12 ಚಿತ್ರದಂತೆ 10 ಸೆಕೆಂಡಿನ ನಡಿಗೆಗೆ 120 ಚಿತ್ರ ಬೇಕು. 70 ಮುಗಿದಿದ್ದಾಗ ನಮ್ಮ ಮನೆಯವರು ತಟ್ಟೆ ಇಡಲು ಬಂದು ಮೇಜನ್ನು ತುಸು ಎಳೆದರು. "ಇರಲಿ ಬಿಡಮ್ಮ, ಯಾರಿಗೂ ತಿಳಿಯುವುದಿಲ್ಲ" ಎಂದೆ. "ತಿಳಿಯುತ್ತೆ ತಾತ" ಎಂದು ಓಡಿಸಿ ತೋರಿಸಿದಳು. ಹಿಂದಿನ ಗೋಡೆ ಒಮ್ಮೆಲೇ ಜಿಗಿಯಿತು. ಅಳು ನುಂಗಿಕೊಂಡು ಮೊದಲಿನಿಂದ ಶುರು ಮಾಡಿದಳು. ಆ ದಿನ ನಾವೆಲ್ಲ ನೆಲದ ಮೇಲೆ ಕುಳಿತು ಉಂಡೆವು.

ಆಗ ನನಗೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ನೆನಪಾದ. ಹೆಸರು ಬೇಡ, ಓದುತ್ತಿದ್ದರೆ ಅವನಿಗೇ ತಿಳಿಯುತ್ತದೆ. ವಿಜ್ಞಾನದ ನೋಟ್ ಪುಸ್ತಕದ ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ನಾಯಿಯನ್ನು ಬರೆದಿದ್ದ. ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ನಾಯಿ ಓಡುತ್ತದೆ ಸಾರ್ ಎಂದು ಪಕ್ಕದ ಹುಡುಗ ಹೇಳಿದ. ನಾನು ನೋಡಲಿಲ್ಲ. ಹೊಸ ಪುಸ್ತಕದಲ್ಲಿ ಎಲ್ಲ ನೋಟ್ಸನ್ನೂ ಮತ್ತೆ ಬರೆದು ತರುವ ಶಿಕ್ಷೆ ಕೊಟ್ಟೆ.

ಈ ವಿದ್ಯೆಯನ್ನು ದುಡ್ಡು ಕೊಟ್ಟು ಹೋಗುವ ಬೇಸಿಗೆ ಶಿಬಿರಗಳಿಗೆ ಬಿಡದೆ, ಶಾಲೆಯ ವಿಜ್ಞಾನದ ಪೀರಿಯಡ್ಡಿಗೆ ತರಬೇಕೆನ್ನುವುದು ಈಗ ನನ್ನ ಅಭಿಪ್ರಾಯ. ಮಣ್ಣಿನ ಚೆಂಡೊಂದನ್ನು ಬೀಳಿಸಿ ನೋಡಿ. ಪ್ರತಿ ಚಿತ್ರಕ್ಕೂ ಸಮ ಅಂತರದಲ್ಲಿ ಸರಿಸಿದರೆ ಅದು ಬೀಳುವುದಿಲ್ಲ, ಲಿಫ್ಟಿನಂತೆ ಇಳಿಯುತ್ತದೆ. 1, 3, 5, 7 ಎಂದು ಅಂತರ ಹಿಗ್ಗಿಸುತ್ತ ಹೋದರೆ ಮಾತ್ರ ಬಿದ್ದಂತೆ ಕಾಣುತ್ತದೆ. ಗೆಲಿಲಿಯೋ ಕಂಡುಕೊಂಡ ಈ ಲೆಕ್ಕವನ್ನು ನಾನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದೆ. ಎಷ್ಟು ಜನ ಕಂಡಿರೋ, ನೀವೇ ಹೇಳಬೇಕು. ಸಸ್ಯದ ಪಾಠಕ್ಕೂ ಇದು ಒದಗುತ್ತದೆ. 1912ರಲ್ಲಿ ದಾದಾಸಾಹೇಬ್ ಫಾಲ್ಕೆಯವರು ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ದಿನದಿನವೂ ಸ್ವಲ್ಪ ಸ್ವಲ್ಪವೇ ಚಿತ್ರಿಸಿ, ಅದನ್ನು ತೋರಿಸಿಯೇ ಮುಂದಿನ ಸಿನಿಮಾಕ್ಕೆ ಹಣ ಹೊಂದಿಸಿದರು. 1913ರ 'ರಾಜಾ ಹರಿಶ್ಚಂದ್ರ'ದ ಹಿಂದೆ ಒಂದು ಬಟಾಣಿ ಬಳ್ಳಿಯಿದೆ.

ಮಕ್ಕಳ ಕೈಗೆ ಮೊಬೈಲೇ ಎಂದು ಹೆತ್ತವರು ಕೇಳುವುದು ನ್ಯಾಯ. ಆದರೆ ಇಲ್ಲಿ ಅದು ಕೈಯಲ್ಲಿರುವುದಿಲ್ಲ, ಅಲುಗಾಡದೆ ನಿಂತಿರುತ್ತದೆ. ಐದು ಮಕ್ಕಳಿಗೆ ಒಂದು ಸಾಕು. ಸಿಲೆಬಸ್ ಮುಗಿಯುವುದಿಲ್ಲವೆನ್ನುವ ಮೇಷ್ಟ್ರುಗಳಿಗೆ ಉತ್ತರಿಸಲು ನನಗೆ ಮುಖವಿಲ್ಲ. ಆ ಹುಡುಗನ ಪುಸ್ತಕ ತಿರುವಿ ನೋಡಲು ಬಿಡದಿದ್ದದ್ದು ಅದೇ ಅವಸರ. ದೊಡ್ಡವರಲ್ಲಿ ಒಂದೇ ವಿನಂತಿ: ವಾರ್ಷಿಕೋತ್ಸವದಲ್ಲಿ ತೋರಿಸಬೇಕೆಂದು ಮಕ್ಕಳ ಚಿತ್ರವನ್ನು ನೀವು ತಿದ್ದಬೇಡಿ. ಮೊಮ್ಮಗಳ ಬಸವನಹುಳುವಿನ ನಡುವೆ ಒಂದು ಕ್ಷಣ ನನ್ನ ಬೆರಳು ಕಾಣುತ್ತದೆ. ತೆಗೆಯಲು ಅವಳು ಒಪ್ಪಿಲ್ಲ.

ಆ ಹಳೆಯ ನೋಟ್ ಪುಸ್ತಕ ಇನ್ನೂ ಇದ್ದರೆ, ಈ ಕಡೆ ಬಂದಾಗ ತೆಗೆದುಕೊಂಡು ಬಾರಪ್ಪ. ನಾಯಿ ಓಡುವುದನ್ನು ನೋಡಬೇಕು.