ಹಲ್ಲಿನ ಬೇರಿನೊಳಗೆ

ರಾಜಾಜಿನಗರದ ದಂತವೈದ್ಯರೊಬ್ಬರಲ್ಲಿ ನಾವು ದವಡೆಹಲ್ಲಿಗೆ ರೂಟ್ ಕೆನಾಲ್ ಆರಂಭಿಸಿದ್ದೆವು. ಮೊದಲ ದಿನವೇ ನೋವು ಅಡಗಿತು. ಮತ್ತೆ ಹೋಗುವುದೇಕೆಂದು ಸುಮ್ಮನಾದೆವು. ಮೂರನೆಯ ವಾರ ಕೆನ್ನೆ ಊದಿತು. ನೋವು ಹೋದದ್ದು ನರವನ್ನು ತೆಗೆದುದರಿಂದ; ಕ್ರಿಮಿಗಳು ಒಳಗೇ ಉಳಿದಿದ್ದವು.

ಈ ಸಲ ಬ್ಲೀಚಿಂಗ್ ಪುಡಿ ಹಾಕಿದ ತೊಟ್ಟಿಯ ವಾಸನೆ ಮೂಗಿಗೆ ಬಡಿಯಿತು. ವಿಚಾರಿಸಲಾಗಿ, ಅದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವೆಂದು ತಿಳಿಯಿತು. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಹೆನ್ರಿ ಡೇಕಿನ್ ಎಂಬ ರಸಾಯನಶಾಸ್ತ್ರಜ್ಞರು ಶೇಕಡ 0.5ರ ಇದೇ ದ್ರಾವಣವನ್ನು ಸೈನಿಕರ ಗಾಯ ತೊಳೆಯಲು ಬಳಕೆಗೆ ತಂದಿದ್ದರು. ಹಲ್ಲಿಗೆ ಶೇಕಡ 5ರವರೆಗೂ ಬಳಸುವುದುಂಟು.

ಹಲ್ಲಿನ ನಾಳವೆಂದರೆ ನೇರ ಕೊಳವೆಯಲ್ಲ. ಅದರ ಸಣ್ಣ ಕವಲುಗಳನ್ನು ವೈದ್ಯರ ಸೂಜಿ ಮುಟ್ಟದು. ಅಲ್ಲಿಗೆ ಇಳಿಯಬೇಕಾದುದು ದ್ರಾವಣವೇ. ಅದರಲ್ಲಿನ ಹೈಪೋಕ್ಲೋರಸ್ ಆಮ್ಲವು ಕ್ರಿಮಿಯ ಪೊರೆಯನ್ನು ಹಾಯ್ದು ಒಳಹೊಕ್ಕು, ಅದರ ಪ್ರೋಟೀನುಗಳನ್ನೂ ಕಿಣ್ವಗಳನ್ನೂ ಕೆಡಿಸುತ್ತದೆ. ದ್ರಾವಣವು ಸತ್ತ ತಿರುಳನ್ನೂ ಕರಗಿಸುತ್ತದೆ. ಈ ಕಾರ್ಯದಲ್ಲಿ ಕ್ಲೋರಿನ್ನಿನ ಶಕ್ತಿ ತಾನೂ ವ್ಯಯವಾಗುವುದರಿಂದ ಹೊಸ ದ್ರಾವಣವನ್ನು ಮೇಲಿಂದ ಮೇಲೆ ಬಿಡಬೇಕು. ಬೇರಿನ ತುದಿ ದಾಟಿ ಹೊರಬಿದ್ದರೆ ಜೀವಂತ ಮಾಂಸವನ್ನೂ ಅದು ಸುಡುತ್ತದೆ. ಆದುದರಿಂದ ಆತುರ ಸಲ್ಲದು.

ಆ ದಿನ ನಮ್ಮ ವೈದ್ಯರು ಬಾಯಿಗೆ ರಬ್ಬರ್ ಹಾಳೆ ಕಟ್ಟಿ, ಮುಕ್ಕಾಲು ಗಂಟೆ ಹನಿಹನಿಯಾಗಿ ತೊಳೆದರು. ಮುಂದಿನ ಸೋಮವಾರ ಬರಬೇಕೆಂದರು, ಹೋದೆವು.