ಕೆತ್ತಿದವರ ಹೆಸರು ಎಲ್ಲಿ?

ಮೂವತ್ತನಾಲ್ಕು ವರ್ಷ ನಾನು ಒಂದೇ ದಾರಿಯಲ್ಲಿ ಕಚೇರಿಗೆ ಹೋಗಿ ಬಂದವನು. ಹಡ್ಸನ್ ವೃತ್ತದಲ್ಲಿ ಬಸ್ಸು ನಿಂತಾಗಲೆಲ್ಲ ಕಿಟಕಿಯಾಚೆ, ಪಾಲಿಕೆ ಕಚೇರಿಯ ಮುಂದೆ ಕೆಂಪೇಗೌಡರು ನಿಂತಿರುತ್ತಿದ್ದರು. ಇಳಿಯುವ ಜಾಗ ಹತ್ತಿರವಾಯಿತೆಂಬುದಕ್ಕೆ ಅವರು ನನಗೊಂದು ಗುರುತಾಗಿದ್ದರೇ ಹೊರತು, ಯಾರದೋ ಕೈಯಲ್ಲಿ ರೂಪುಗೊಂಡ ಶಿಲ್ಪವಾಗಿ ಒಂದು ದಿನವೂ ಕಂಡಿರಲಿಲ್ಲ. ನಿವೃತ್ತನಾದ ಬಳಿಕ ವೈದ್ಯರು ದಿನಕ್ಕೊಂದು ಗಂಟೆ ನಡೆಯಲೇಬೇಕೆಂದರು. ಮನೆಯ ಸುತ್ತಲಿನ ಬೀದಿಗಳು ಬೇಸರವಾದಾಗ ಬಸ್ಸು ಹತ್ತಿ ನಗರದ ಬೇರೆ ಬೇರೆ ಕಡೆ ಇಳಿದು ನಡೆಯತೊಡಗಿದೆ. ಬೆಂಗಳೂರಿನ ಬೀದಿಗಳಲ್ಲಿ ಇಷ್ಟೊಂದು ಶಿಲ್ಪಗಳಿವೆ ಎಂಬುದು ನನಗೆ ತಿಳಿದದ್ದು ಆಗಲೇ.

ಲೆಕ್ಕಪತ್ರ ವಿಭಾಗದಲ್ಲಿ ದುಡಿದವನ ಚಾಳಿ ಸುಲಭವಾಗಿ ಬಿಡುವುದಿಲ್ಲ. ಒಂದು ನೋಟ್‌ಪುಸ್ತಕ ಕೊಂಡು ನಾಲ್ಕು ಅಂಕಣ ಎಳೆದೆ. ಯಾರ ಪ್ರತಿಮೆ, ಯಾವಾಗ ಸ್ಥಾಪನೆಯಾಯಿತು, ಅನಾವರಣ ಮಾಡಿದವರು ಯಾರು, ಮಾಡಿದ ಶಿಲ್ಪಿ ಯಾರು. ಮೊದಲ ಮೂರು ಅಂಕಣಗಳು ಸಲೀಸಾಗಿ ತುಂಬಿದವು. ನಾಲ್ಕನೆಯದು ಮಾತ್ರ ಪುಟದಿಂದ ಪುಟಕ್ಕೆ ಖಾಲಿಯಾಗಿಯೇ ಉಳಿಯಿತು. ಈ ಲೇಖನಕ್ಕೆ ಆ ಖಾಲಿ ಅಂಕಣವೇ ಕಾರಣ.

ನನ್ನ ನಡಿಗೆ ಆರಂಭವಾದದ್ದು ಕಬ್ಬನ್ ಉದ್ಯಾನದಿಂದ. ಮಹಾತ್ಮ ಗಾಂಧಿ ರಸ್ತೆ ಹಾಗೂ ಕಸ್ತೂರಬಾ ರಸ್ತೆ ಕೂಡುವಲ್ಲಿ ಅಮೃತಶಿಲೆಯ ವಿಕ್ಟೋರಿಯಾ ರಾಣಿ ನಿಂತಿದ್ದಾಳೆ. ಅದನ್ನು 1906ರಲ್ಲಿ ಅನಾವರಣ ಮಾಡಿದವರು ಮುಂದೆ ಐದನೇ ಜಾರ್ಜ್ ದೊರೆಯಾದ ರಾಜಕುಮಾರ. ಕಡೆದವರು ಥಾಮಸ್ ಬ್ರಾಕ್. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಎದುರಿನ ವಿಕ್ಟೋರಿಯಾ ಸ್ಮಾರಕವೂ ಇವರದೇ ಕೆಲಸ. ಉಚ್ಚ ನ್ಯಾಯಾಲಯದ ಆವರಣದಲ್ಲಿ ಬಹುಕಾಲ ಇದ್ದು 2020ರಲ್ಲಿ ಉದ್ಯಾನದೊಳಕ್ಕೆ ಬಂದ, ಕುದುರೆಯ ಮೇಲೆ ಕುಳಿತ ಮಾರ್ಕ್ ಕಬ್ಬನ್‌ನನ್ನು ರೂಪಿಸಿದವರು ಇಟಲಿ ಮೂಲದ ಕಾರ್ಲೊ ಮರೋಕೆಟ್ಟಿ. ಬ್ರಿಟಿಷ್ ಸಂಸತ್ತಿನ ಹೊರಗೆ ಕತ್ತಿ ಎತ್ತಿ ಹಿಡಿದಿರುವ ಅಶ್ವಾರೋಹಿ ರಿಚರ್ಡ್ ದೊರೆಯನ್ನು ಮಾಡಿದ್ದೂ ಅವರೇ. ಕೇಂದ್ರ ಗ್ರಂಥಾಲಯದ ಮುಂದಿರುವ ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ 1913ರದು. ಶಿಲ್ಪಿ ರಾಬರ್ಟ್ ಕಾಲ್ಟನ್.

ಈ ಮೂರೂ ಸಾಲುಗಳಲ್ಲಿ ನಾಲ್ಕನೇ ಅಂಕಣ ತುಂಬಿತು. ಬ್ರಿಟಿಷರಿಗೆ ನಮ್ಮ ಮೇಲೆ ವಿಶೇಷ ಪ್ರೀತಿಯಿತ್ತೆಂದು ಇದರರ್ಥವಲ್ಲ. ಪ್ರತಿಮೆಗೆ ಹಣ ಕೊಟ್ಟವರು ಯಾರು, ಮಾಡಿದವರು ಯಾರು ಎಂದು ಬರೆದಿಡುವುದು ಅವರಲ್ಲಿ ಆಡಳಿತದ ರೂಢಿಯಾಗಿತ್ತು. ನಮ್ಮನ್ನಾಳಿದವರ ಪ್ರತಿಮೆಗಳ ಶಿಲ್ಪಿಗಳ ಹೆಸರನ್ನು ನಾನು ಗ್ರಂಥಾಲಯದಲ್ಲಿ ಕುಳಿತು ಒಂದೇ ಮಧ್ಯಾಹ್ನದಲ್ಲಿ ಪತ್ತೆಹಚ್ಚಿದೆ. ನಾವೇ ಅಭಿಮಾನದಿಂದ ಸ್ಥಾಪಿಸಿಕೊಂಡ ನಮ್ಮ ಕವಿಗಳ, ಶರಣರ, ಹೋರಾಟಗಾರರ ಪ್ರತಿಮೆಗಳ ಶಿಲ್ಪಿಗಳನ್ನು ಹುಡುಕಲು ತಿಂಗಳುಗಟ್ಟಲೆ ಅಲೆದೆ. ಬಹುಪಾಲು ಹೆಸರುಗಳು ಸಿಗಲೇ ಇಲ್ಲ.

ನಮ್ಮ ಬಡಾವಣೆಗಳ ವೃತ್ತಗಳಲ್ಲಿರುವ ಫಲಕಗಳನ್ನು ಒಮ್ಮೆ ನಿಂತು ಓದಿ. ಅನಾವರಣ ಮಾಡಿದ ಸಚಿವರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಅಧ್ಯಕ್ಷತೆ ವಹಿಸಿದ ಶಾಸಕರು, ಘನ ಉಪಸ್ಥಿತಿ ನೀಡಿದವರು, ಮುಖ್ಯ ಅತಿಥಿಗಳು, ಬಡಾವಣೆಯ ಸಂಘದ ಪದಾಧಿಕಾರಿಗಳು, ಕೆಲವೊಮ್ಮೆ ಗುತ್ತಿಗೆದಾರರೂ ಇರುತ್ತಾರೆ. ತಿಂಗಳುಗಟ್ಟಲೆ ಜೇಡಿಮಣ್ಣಿನಲ್ಲಿ ಮುಖ ತಿದ್ದಿದವರು, ಅಚ್ಚು ತೆಗೆದವರು, ಮೇಣದ ಪದರ ಹೊಯ್ದವರು, ಆ ಮೇಣ ಕರಗಿ ಹೋದ ಪೊಳ್ಳಿನಲ್ಲಿ ಕಾದ ಕಂಚನ್ನು ತುಂಬಿದವರು, ಬಿಡಿ ಭಾಗಗಳನ್ನು ಬೆಸೆದು ಬೆಸುಗೆಯ ಗೆರೆ ಕಾಣದಂತೆ ಉಜ್ಜಿದವರು ಮಾತ್ರ ಅಲ್ಲಿರುವುದಿಲ್ಲ. ಅರ್ಧ ಗಂಟೆ ಬಂದು ಪರದೆ ಎಳೆದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ.

ಹಡ್ಸನ್ ವೃತ್ತದ ಕೆಂಪೇಗೌಡರ ಪ್ರತಿಮೆ 1964ರಲ್ಲಿ ಸ್ಥಾಪನೆಯಾದದ್ದು. ವಿಮಾನ ನಿಲ್ದಾಣದ ಬಳಿ 108 ಅಡಿ ಎತ್ತರದ ಇನ್ನೊಂದು ಕೆಂಪೇಗೌಡರ ಪ್ರತಿಮೆ 2022ರ ನವೆಂಬರ್‌ನಲ್ಲಿ ಅನಾವರಣಗೊಂಡಿತು. ಈ ಎರಡನೆಯದನ್ನು ರೂಪಿಸಿದ ಮಹಾರಾಷ್ಟ್ರದ ರಾಮ್ ಸುತಾರ್ ಅವರ ಹೆಸರು ಪತ್ರಿಕೆಗಳಲ್ಲಿ ಬಂತು. ಗುಜರಾತಿನಲ್ಲಿ 182 ಮೀಟರ್ ಎತ್ತರದ ಸರ್ದಾರ್ ಪಟೇಲರ ಪ್ರತಿಮೆಯನ್ನು ವಿನ್ಯಾಸಗೊಳಿಸಿ ಅವರು ಅಷ್ಟರಲ್ಲಿ ಪ್ರಸಿದ್ಧರಾಗಿದ್ದರು. ಪ್ರತಿಮೆ ಇಷ್ಟು ದೊಡ್ಡದಾದರೆ ಮಾತ್ರ ಅದನ್ನು ಮಾಡಿದವರು ನಮ್ಮ ಕಣ್ಣಿಗೆ ಬೀಳುತ್ತಾರೆಯೇ? ಹಾಗಾದರೆ ಎಂಟು ಅಡಿಯ ಪ್ರತಿಮೆ ಮಾಡಿದವರ ಗತಿಯೇನು?

ಹೆಸರು ಬೇಡವೆನ್ನುವುದು ಭಾರತೀಯ ಶಿಲ್ಪಿಯ ಸಂಪ್ರದಾಯ, ಅದು ಅವನ ವಿನಯ ಎಂದು ಮಿತ್ರರೊಬ್ಬರು ನನ್ನೊಡನೆ ವಾದಿಸಿದರು. ಬೇರೆಡೆಯ ಮಾತು ಹೇಗೋ, ಕನ್ನಡ ನಾಡಿನ ಮಟ್ಟಿಗೆ ಇದು ನಿಜವಲ್ಲ. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವ ದೇಗುಲದ ಶಿಲ್ಪಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಬರಿಯ ಹೆಸರಷ್ಟೇ ಅಲ್ಲ, ಎದುರಾಳಿ ಶಿಲ್ಪಿಗಳನ್ನು ಕೆಣಕುವಂಥ ಬಿರುದುಗಳೂ ಇವೆ. ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿ ದುಡಿದ ಮಲ್ಲಿತಮ್ಮ ತನ್ನ ಹೆಸರನ್ನು ಮತ್ತೆ ಮತ್ತೆ ಕಲ್ಲಿನಲ್ಲಿ ಬರೆದಿಟ್ಟಿದ್ದಾನೆ. ಕಟ್ಟಿಸಿದ ದೊರೆಗೂ ದಂಡನಾಯಕನಿಗೂ ಶಾಸನವಿತ್ತು, ಕೆತ್ತಿದವನಿಗೂ ಪೀಠದಲ್ಲಿ ಒಂದು ಸಾಲಿನ ಜಾಗವಿತ್ತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಒಂಬೈನೂರು ವರ್ಷಗಳ ಹಿಂದಿನ ಅರಸೊತ್ತಿಗೆ ಶಿಲ್ಪಿಗೆ ಕೊಟ್ಟ ಆ ಒಂದು ಸಾಲನ್ನು ಇಂದಿನ ಪ್ರಜಾಪ್ರಭುತ್ವ ಕೊಡದಿರುವುದನ್ನು ಏನೆಂದು ಕರೆಯೋಣ?

ಹೆಸರಿಲ್ಲದಿದ್ದರೆ ನಷ್ಟವೇನು ಎಂದು ಕೇಳಬಹುದು. ನಾನು ಕಣ್ಣಾರೆ ಕಂಡ ಒಂದು ನಷ್ಟವನ್ನು ಹೇಳುತ್ತೇನೆ.

ನಮ್ಮ ಮನೆಗೆ ಹತ್ತಿರದ ಚಿಕ್ಕ ಉದ್ಯಾನವೊಂದರಲ್ಲಿ ಕರಿಕಲ್ಲಿನ ಒಂದು ಶಿಲ್ಪವಿತ್ತು. ಎಂದೋ ನಡೆದ ಶಿಲ್ಪ ಶಿಬಿರದಲ್ಲಿ ಯಾರೋ ಕಲಾವಿದರು ಮಾಡಿ ಬಿಟ್ಟುಹೋದದ್ದು. ಇಂಥವರ ಪ್ರತಿಮೆ ಎನ್ನುವಂತಿರಲಿಲ್ಲ. ಒಂದು ಬದಿಯಿಂದ ಬಾಗಿದ ಹೆಣ್ಣಿನಂತೆ, ಇನ್ನೊಂದು ಬದಿಯಿಂದ ಓರೆಯಾಗಿಟ್ಟ ಕೊಡದಂತೆ ಕಾಣುತ್ತಿತ್ತು. ಅದರ ನುಣುಪಾದ ಬೆನ್ನಿನ ಮೇಲೆ ಮಕ್ಕಳು ಜಾರುತ್ತಿದ್ದರು. ಮಾಲಿ ತನ್ನ ಅಂಗಿಯನ್ನು ಅದರ ಮೇಲೆ ಒಣಗಲು ಹಾಕುತ್ತಿದ್ದ. ಯಾರೋ ಅಜ್ಜಿ ಆಗಾಗ ಒಂದೆರಡು ದಾಸವಾಳ ಇಟ್ಟು ಹೋಗುತ್ತಿದ್ದರು. ನಾನು ಮಾತ್ರ ದಿನವೂ ಅದರ ಸುತ್ತ ಒಂದು ಸುತ್ತು ಹಾಕಿ, ಬೆಳಗಿನ ಬಿಸಿಲು ಆ ಬಾಗಿನ ಮೇಲೆ ಇಳಿಯುವುದನ್ನು ನೋಡುತ್ತಿದ್ದೆ. ಶಿಲ್ಪವೊಂದನ್ನು ನಿಂತು ನೋಡಲು ನನಗೆ ಕಲಿಸಿದ್ದು ಆ ಕಲ್ಲೇ.

ಊರಿಗೆ ಹೋಗಿ ವಾರ ಕಳೆದು ಬಂದಾಗ ಅದು ಅಲ್ಲಿರಲಿಲ್ಲ. ಅದೇ ಜಾಗದಲ್ಲಿ ವ್ಯಾಯಾಮದ ಸಲಕರಣೆ ಕೂರಿಸಲು ಸಿಮೆಂಟಿನ ಕಟ್ಟೆ ಎದ್ದಿತ್ತು. ಮಾಲಿಯನ್ನು ಕೇಳಿದೆ. 'ಲಾರಿ ಬಂದಿತ್ತು ಸ್ವಾಮಿ, ಮಣ್ಣಿನ ಜೊತೆ ಅದನ್ನೂ ಹಾಕ್ಕೊಂಡು ಹೋದ್ರು' ಎಂದ. ಉದ್ಯಾನದ ಹೊಣೆ ಹೊತ್ತ ಕಚೇರಿಗೆ ಮೂರು ಬಾರಿ ಅಲೆದೆ. ಅಲ್ಲಿನ ಸಿಬ್ಬಂದಿ ಒರಟಾಗಿ ಮಾತಾಡಲಿಲ್ಲ. ನನ್ನನ್ನು ಕೂರಿಸಿ ಕಡತಗಳನ್ನು ತಿರುವಿ ನೋಡಿ, 'ಯಾವ ಕಲ್ಲು ಸಾರ್? ನಮ್ಮ ರಿಜಿಸ್ಟರಿನಲ್ಲಿ ಬೆಂಚು ಇದೆ, ದೀಪದ ಕಂಬ ಇದೆ, ಕಲ್ಲು ಅಂತ ಇಲ್ಲ' ಎಂದರು. ಅವರ ಮಟ್ಟಿಗೆ ಅದು ಸತ್ಯವೇ. ದಾಖಲೆಯಲ್ಲಿ ಇಲ್ಲದ್ದು ಕಳೆದುಹೋಗುವ ಪ್ರಶ್ನೆಯೇ ಬರುವುದಿಲ್ಲ. ಒಂದು ಹೆಸರು, ಒಂದು ಇಸವಿ, ಒಂದು ಸಂಖ್ಯೆ ಬರೆದಿದ್ದರೆ ಲಾರಿಯವನೂ ಒಂದು ಮಾತು ಕೇಳಿಯಾನು.

ಬೀದಿಯಲ್ಲಿರುವ ಪ್ರತಿಮೆಯನ್ನು ಕಂಡಾಗ ನಾವು ಕೇಳುವುದು 'ಇದು ಯಾರದು' ಎಂದೇ. 'ಇದು ಹೇಗಿದೆ' ಎಂದು ಕೇಳುವುದಿಲ್ಲ. ಹಲಸೂರು ಕೆರೆಯ ಬಳಿಯ ತಿರುವಳ್ಳುವರ್ ಪ್ರತಿಮೆ 1991ರಿಂದ ಹದಿನೆಂಟು ವರ್ಷ ಮುಸುಕಿನಲ್ಲೇ ಇದ್ದದ್ದು ಓದುಗರಿಗೆ ನೆನಪಿರಬಹುದು. 2009ರ ಆಗಸ್ಟ್ 9ರಂದು ಅದರ ಮುಸುಕು ಸರಿಯಿತು. ನಾಲ್ಕು ದಿನಗಳ ಬಳಿಕ ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಎರಡು ಭಾಷೆಗಳ ನಡುವಿನ ಸೌಹಾರ್ದದ ದೃಷ್ಟಿಯಿಂದ ಅದು ಒಳ್ಳೆಯ ಕೆಲಸ. ಆದರೆ ಅಷ್ಟು ವರ್ಷಗಳ ಚರ್ಚೆ ಸುತ್ತಿದ್ದು ಅದು ಯಾರ ಪ್ರತಿಮೆ ಎಂಬುದರ ಸುತ್ತಲೇ. ಹೊದಿಕೆಯೊಳಗೆ ಒಬ್ಬ ಶಿಲ್ಪಿಯ ಕೆಲಸವೂ ಇತ್ತೆಂಬ ಮಾತು ಎಷ್ಟು ಸಲ ಕೇಳಿಬಂತು?

ರಸ್ತೆ ತುಂಬ ಗುಂಡಿಗಳಿರುವ ಊರಿನಲ್ಲಿ ಶಿಲ್ಪದ ಮಾತೇಕೆ ಎಂಬ ಆಕ್ಷೇಪ ಬರುವುದನ್ನು ನಾನು ಬಲ್ಲೆ. ಅದಕ್ಕೆ ಉತ್ತರವನ್ನೂ ಒಬ್ಬ ಕಲಾವಿದರೇ ಕೊಟ್ಟಿದ್ದಾರೆ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಅವರು ಸುಲ್ತಾನ್‌ಪಾಳ್ಯದ ರಸ್ತೆಯ ನೀರು ತುಂಬಿದ ದೊಡ್ಡ ಗುಂಡಿಯೊಂದರಲ್ಲಿ ಮೊಸಳೆಯ ಆಕೃತಿಯನ್ನು ಮಾಡಿ ತಂದಿಟ್ಟರು. ಊರೆಲ್ಲ ಅದನ್ನು ನೋಡಿತು, ನಕ್ಕಿತು; ಬಳಿಕ ಆ ಗುಂಡಿ ಮುಚ್ಚಿತು. ಶಿಲ್ಪ ಮತ್ತು ರಸ್ತೆ ಒಂದಕ್ಕೊಂದು ಶತ್ರುಗಳಲ್ಲ. ಬೀದಿ ತನ್ನದು ಎಂಬ ಭಾವ ನಾಗರಿಕರಲ್ಲಿ ಇದ್ದರೆ ಎರಡೂ ಉಳಿಯುತ್ತವೆ, ಇಲ್ಲದಿದ್ದರೆ ಎರಡೂ ಹಾಳಾಗುತ್ತವೆ.

ಹೊಸ ಪ್ರತಿಮೆಗಳು ಬೇಕೆಂದು ನಾನು ಕೇಳುತ್ತಿಲ್ಲ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ ಸ್ಥಾಪನೆಗೆ ಅನುಮತಿ ನೀಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶಿಸಿದೆ, ಅದು ಸರಿಯಾದದ್ದೇ. ನನ್ನ ಕೋರಿಕೆ ಇರುವುದನ್ನು ಕುರಿತದ್ದು, ಬಲು ಚಿಕ್ಕದು. 2025ರಲ್ಲಿ ನಗರದ ಆಡಳಿತ ಐದು ಪಾಲಿಕೆಗಳಾಗಿ ಹಂಚಿಕೆಯಾಗಿದೆ. ಆಸ್ತಿಪಾಸ್ತಿಗಳ ಪಟ್ಟಿ ಹೊಸದಾಗಿ ಸಿದ್ಧವಾಗಬೇಕಾದ ಈ ಹೊತ್ತಿನಲ್ಲಿ, ಪ್ರತಿ ಪಾಲಿಕೆಯೂ ತನ್ನ ವ್ಯಾಪ್ತಿಯ ಪ್ರತಿಮೆ ಮತ್ತು ಶಿಲ್ಪಗಳನ್ನು ಬೆಂಚು, ದೀಪದ ಕಂಬಗಳ ಜೊತೆಗೇ ಎಣಿಸಿ ಬರೆದಿಡಲಿ. ಶಿಲ್ಪಿಯ ಹೆಸರು, ಮಾಧ್ಯಮ, ಇಸವಿ ಇರುವ ಅಂಗೈಯಗಲದ ಫಲಕವೊಂದನ್ನು ಪ್ರತಿಯೊಂದಕ್ಕೂ ಹಾಕಲಿ. ಹೆಸರು ತಿಳಿಯದ ಕಡೆ ಜನರನ್ನೇ ಕೇಳಲಿ. ಅಚ್ಚು ಹಾಕಿದ ಕಾರ್ಖಾನೆಯವರು, ಕಲಾಶಾಲೆಯ ಹಳೆಯ ಅಧ್ಯಾಪಕರು, ಶಿಲ್ಪಿಗಳ ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ. ಇನ್ನೊಂದು ತಲೆಮಾರು ಕಳೆದರೆ ಕೇಳಲು ಯಾರೂ ಇರುವುದಿಲ್ಲ. ಜಕಣಾಚಾರಿಯ ಹೆಸರಿನಲ್ಲಿ ಪ್ರಶಸ್ತಿ ಕೊಡುವ ರಾಜ್ಯದಲ್ಲಿ, ಶಿಲ್ಪಕಲಾ ಅಕಾಡೆಮಿ ಇರುವ ರಾಜ್ಯದಲ್ಲಿ ಇದು ಆಗದ ಕೆಲಸವಲ್ಲ.

ಪಟ್ಟಿಯ ಜೊತೆಗೆ ಪಾಲನೆಯೂ ಬರಬೇಕು. ಜಯಂತಿ ಬಂತೆಂದರೆ ಕಂಚಿನ ಪ್ರತಿಮೆಗೆ ಚಿನ್ನದ ಬಣ್ಣ ಬಳಿಯುವುದು ನಮ್ಮಲ್ಲಿ ಭಕ್ತಿಯ ರೂಪ ತಳೆದಿದೆ. ಕಂಚಿನ ಮೇಲೆ ಕಾಲಕ್ರಮದಲ್ಲಿ ಕೂಡುವ ಕಂದು, ಹಸಿರು ಛಾಯೆ ಕೊಳೆಯಲ್ಲ. ಗಾಳಿ ಮಳೆಗೆ ಲೋಹವೇ ಕಟ್ಟಿಕೊಳ್ಳುವ ಪದರ ಅದು. ಮೆಲ್ಲಗೆ ತೊಳೆದು, ತೆಳ್ಳಗೆ ಮೇಣ ಸವರಿದರೆ ಸಾಕು. ಬಣ್ಣದ ಪದರಗಳು ಕೂಡಿಕೂಡಿ ಶಿಲ್ಪಿ ತಿದ್ದಿದ ಕಣ್ಣಿನ ಗೆರೆ, ತುಟಿಯ ಅಂಚು ಮುಚ್ಚಿಹೋಗಿ, ಕೊನೆಗೆ ಎಲ್ಲ ಮಹನೀಯರ ಮುಖವೂ ಒಂದೇ ಆಗುತ್ತದೆ. ಲಾಲ್‌ಬಾಗಿನಲ್ಲಿ ಉರುಳಿಬಿದ್ದ ಮರಗಳ ಕಾಂಡಗಳಲ್ಲಿ ಕೆತ್ತಿದ ಶಿಲ್ಪಗಳಿವೆ. ಮರಕ್ಕೆ ಎರಡನೇ ಜನ್ಮ ಕೊಟ್ಟ ಸುಂದರ ಯೋಚನೆ ಅದು. ಆದರೆ ಬಯಲಿನಲ್ಲಿರುವ ಮರಕ್ಕೆ ಮಳೆ, ಗೆದ್ದಲುಗಳಿಂದ ವರ್ಷವರ್ಷವೂ ರಕ್ಷಣೆ ಬೇಕು.

ಹಣ ಎಲ್ಲಿಂದ ಎನ್ನುವವರಿಗೆ ಹೊರಗಿನ ಒಂದು ಮಾದರಿ ಇದೆ. ಅಮೆರಿಕದ ಫಿಲಡೆಲ್ಫಿಯಾ ನಗರ 1959ರಲ್ಲೇ ಕಟ್ಟಡ ವೆಚ್ಚದ ಶೇಕಡ ಒಂದು ಭಾಗವನ್ನು ಕಲೆಗೆ ಮೀಸಲಿಡುವ ನಿಯಮ ತಂದಿತು. ಷಿಕಾಗೊ 1978ರಲ್ಲಿ ತನ್ನ ಸಾರ್ವಜನಿಕ ಕಟ್ಟಡಗಳಿಗೆ ಶೇ 1.33ರ ನಿಯಮ ಮಾಡಿತು. ನಮಗೆ ಅಷ್ಟೂ ಬೇಡ. ಅನಾವರಣ ಸಮಾರಂಭದ ಪೆಂಡಾಲು, ಹಾರ, ಫ್ಲೆಕ್ಸುಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲು ತೆಗೆದಿಟ್ಟರೂ ಫಲಕಗಳ ಖರ್ಚು ಕಳೆಯುತ್ತದೆ.

ನನ್ನ ನೋಟ್‌ಪುಸ್ತಕ ಈಗ ಮುಕ್ಕಾಲು ತುಂಬಿದೆ. ಕಾಣೆಯಾದ ಆ ಕರಿಕಲ್ಲಿಗೂ ಅದರಲ್ಲಿ ಒಂದು ಸಾಲು ಬರೆದಿದ್ದೇನೆ. ಯಾರ ಪ್ರತಿಮೆ ಎಂಬಲ್ಲಿ 'ಯಾರದೂ ಅಲ್ಲ' ಎಂದಿದೆ. ಮುಂದಿನ ಮೂರು ಅಂಕಣಗಳು ಖಾಲಿ. ನಗರದ ಯಾವುದೋ ಮೂಲೆಯಲ್ಲಿ ಅದನ್ನು ಕಡೆದವರು ಇದ್ದಿರಬಹುದು. ಒಮ್ಮೆ ಮಕ್ಕಳ ಕೈಹಿಡಿದು ತೋರಿಸೋಣವೆಂದು ಆ ಉದ್ಯಾನಕ್ಕೆ ಅವರು ಬಂದರೆ ಏನು ಹೇಳುವುದೆಂದು ನನಗೆ ತೋಚಿಲ್ಲ. ಸದ್ಯಕ್ಕೆ ಅಂಕಣವನ್ನು ಹಾಗೆಯೇ ಬಿಟ್ಟಿದ್ದೇನೆ. ಈ ಲೇಖನ ಓದಿದ ಯಾರಿಗಾದರೂ ಆ ಕೈ ಯಾರದೆಂದು ಗೊತ್ತಿದ್ದರೆ, ಬರೆದುಕೊಳ್ಳಲು ಜಾಗ ಇದೆ.